ರ‍್ಯಾಲಿ ಕಾರಿಗೆ ಸುತ್ತಿಕೊಂಡ ಹುರುಳಿ

ಆಗ ನನಗೆ ಅರವತ್ತೆಂಟು, ನಾಲ್ಕು ವರ್ಷದ ಹಿಂದಿನ ಮಾತು. ಜಾವಗಲ್ ಹತ್ತಿರ ನಮ್ಮ ಹೊಲದ ಪಕ್ಕದ ಟಾರು ರಸ್ತೆಯಲ್ಲಿ ವರ್ಷದ ಕೊನೇ ಕಾರ್ ರ‍್ಯಾಲಿ ಇತ್ತು. ನಲವತ್ತು ಕಾರು ಬರ್ತವೆ, ಯಾರೂ ರಸ್ತೆಗೆ ಇಳಿಯಬೇಡಿ ಅಂತ ಜೀಪಿನವರು ಮೈಕಿನಲ್ಲಿ ಕೂಗಿಕೊಂಡು ಹೋದರು. ನಲವತ್ತು ಕಾರು ತುಳಿದರೆ ಒಕ್ಕಣೆ ಬೇಗ ಮುಗಿಯುತ್ತೆ ಅಂದುಕೊಂಡು, ಜೀಪು ಮರೆಯಾದ ಮೇಲೆ ಕಿತ್ತಿಟ್ಟಿದ್ದ ಹುರುಳಿ ಬಳ್ಳಿಯನ್ನೆಲ್ಲ ರಸ್ತೆಗೆ ಹರಡಿದೆ.

ಮೊದಲನೇ ಕಾರೇ ಜಾರಿ ಅಡ್ಡ ನಿಂತಿತು. ಚಕ್ರದ ಒಳಗೆಲ್ಲ ಬಳ್ಳಿ ಸುತ್ತಿಕೊಂಡಿತ್ತು. ಓಡಿಸುತ್ತಿದ್ದವಳು ಒಬ್ಬ ಹುಡುಗಿ. ಇಳಿದು ಬಂದು ಬರಿಗೈಯಲ್ಲೇ ಕೀಳತೊಡಗಿದಳು. ಜೊತೆಗಿದ್ದವನು ಹಿಂದಕ್ಕೆ ಓಡಿ, ಬರುವ ಕಾರುಗಳಿಗೆ ಕೈ ಬೀಸುತ್ತಾ ನಿಂತ.

"ಇವತ್ತು ಮೊದಲ ಐದು ಜನರೊಳಗೆ ಬಂದ್ರೇನೇ ಅಜ್ಜಿ, ವರ್ಷದ ಪಾಯಿಂಟೆಲ್ಲ ಸೇರಿ ನಾನು ಈ ವರ್ಷದ ಚಾಂಪಿಯನ್. ಯಾರಾದ್ರೂ ಇದನ್ನ ರಸ್ತೆ ಮೇಲೆ ಹಾಕ್ತಾರಾ?"

"ನಮ್ಮೂರಲ್ಲಿ ಎಲ್ರೂ ಹಾಕ್ತಾರೆ ಕಣವ್ವ. ಬೈಯೋದು ಆಮೇಲೆ ಬೈಯುವಂತೆ, ಈಗ ಅತ್ಲಾಗೆ ಸರ್ಕೋ," ಅಂದೆ. ಕುಡುಗೋಲು ಹಿಡಿದು ಚಕ್ರದ ಪಕ್ಕ ನೆಲಕ್ಕೆ ಮಲಗಿ ಬಳ್ಳಿ ಕೊಯ್ದು ಹಾಕಿದೆ. ಉಳಿದದ್ದನ್ನು ನಾನೂ ಹುಡುಗಿಯೂ ಸೇರಿ ರಸ್ತೆ ಪಕ್ಕಕ್ಕೆ ಎಳೆದೆವು, ಜೊತೆಗಿದ್ದವನು ಓಡಿ ಬಂದು ಹತ್ತಿದ, ಕಾರು ಹೊರಟಿತು.

ಸಂಜೆ ಆ ಹುಡುಗಿ ಮನೆ ಹುಡುಕಿಕೊಂಡು ಬಂದಳು. "ಐದನೆಯವಳಾಗಿ ಬಂದೆ ಅಜ್ಜಿ, ಚಾಂಪಿಯನ್ ಆದೆ. ಬೈಯೋದು ಬಾಕಿ ಇತ್ತಲ್ಲ, ಅದಕ್ಕೇ ಬಂದೆ," ಎಂದು ನಕ್ಕಳು. ಎರಡು ಮುದ್ದೆ ಉಂಡಳು, ಬೈಯಲಿಲ್ಲ.

ತಪ್ಪು ನನ್ನದೇ. ಅವಳ ಗೆಲುವು ಕೆಡಲಿಲ್ಲವಲ್ಲ ಅನ್ನೋ ಸಮಾಧಾನಕ್ಕೆ ಚೆನ್ನಾಗಿ ನಿದ್ದೆ ಬಂತು. ಮಾರನೇ ಬೆಳಗ್ಗೆ ಎದ್ದವಳೇ ಉಳಿದ ಹುರುಳಿಯನ್ನು ಅಂಗಳಕ್ಕೆ ಹೊತ್ತು ತಂದು ಕೋಲಿನಲ್ಲಿ ಬಡಿದೆ.