ಗುಡ್ಡದಾಚೆಯ ಒಲೆ

ಸತ್ತವರು ಬಂದರು, ಯಾರೋ ಕರೆದಂತಾಯಿತು, ಕನಸಿನಲ್ಲಿ ಕಂಡದ್ದು ನಿಜವಾಯಿತು ಎಂಬ ಮಾತು ಶುರುವಾದರೆ ನಾನು ಕಾಫಿ ಲೋಟ ಕೆಳಗಿಟ್ಟು ಎದ್ದು ಹೋಗುವವನು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟೆ. ಅಂದಿನಿಂದ ಕೈಯಲ್ಲಿ ಮುಟ್ಟಿ ನೋಡಿದ್ದನ್ನು ಮಾತ್ರ ನಂಬಿ ಬದುಕಿದ್ದೇನೆ. ರೆಕ್ಸಿನ್ ಒಳ್ಳೆಯದೋ ಕೆಟ್ಟದೋ ಎಂದು ನನ್ನ ಬೆರಳು ಹೇಳಬೇಕು, ಮಾರುವವನ ಬಾಯಿ ಹೇಳಬಾರದು. ಅಂಥವನು ಇದನ್ನು ಬರೆಯುತ್ತಿದ್ದೇನೆ. ನೀವು ನಂಬದಿದ್ದರೆ ಬೇಸರವಿಲ್ಲ. ನಂಬಿದರೇ ನನಗೆ ಸ್ವಲ್ಪ ದಿಗಿಲು.

ಬಸವೇಶ್ವರನಗರದಲ್ಲಿ ನನ್ನದೊಂದು ಸೀಟ್ ಕವರ್ ಅಂಗಡಿ. ಬೈಕು, ಸ್ಕೂಟರು ಯಾವುದೇ ಬರಲಿ, ಹಳೆಯದನ್ನು ಕಿತ್ತು ಹೊಸದು ಹೊಲಿದು ಕೊಡುತ್ತೇನೆ. ಭಾನುವಾರ ಊಟವಾದ ಮೇಲೆ ಶಟರ್ ಅರ್ಧ ಇಳಿಸಿ, ರೆಕ್ಸಿನ್ ಕತ್ತರಿಸುವ ಮೇಜಿನ ಸುತ್ತ ಕೂತು ನಾವು ಪಾತ್ರದಾಟ ಆಡುತ್ತೇವೆ. ಗೊತ್ತಿಲ್ಲದವರಿಗೆ ಎರಡು ಮಾತು ಹೇಳುತ್ತೇನೆ. ಗೇಮ್ ಮಾಸ್ಟರ್ ಅಂತ ಒಬ್ಬನಿರುತ್ತಾನೆ, ನಮ್ಮಲ್ಲಿ ಅದು ನಾನು. ಕಾಡು, ಊರು, ಎದುರಾಗುವ ಜನ ಎಲ್ಲವನ್ನೂ ಅವನು ಬಾಯಲ್ಲಿ ಹೇಳುತ್ತಾ ಹೋಗಬೇಕು. ಉಳಿದವರು ಒಂದೊಂದು ಪಾತ್ರವಾಗಿ, ನಾನು ಇತ್ತ ಹೋಗುತ್ತೇನೆ, ಹೀಗೆ ಮಾಡುತ್ತೇನೆ ಎನ್ನುತ್ತಾರೆ. ಆಗುತ್ತದೋ ಇಲ್ಲವೋ ಎಂಬುದು ದಾಳಕ್ಕೆ ಬಿಟ್ಟದ್ದು.

ನಗರದಲ್ಲಿ ಇಂಥ ಹಲವು ಮೇಜುಗಳಿವೆ. ಎಲ್ಲವೂ ಸೇರಿ ಒಂದೇ ಕ್ಯಾಂಪೇನ್, ಅಂದರೆ ಎಲ್ಲರೂ ಆಡುವ ಲೋಕ ಒಂದೇ. ಆಟಗಾರ ತನ್ನ ಪಾತ್ರವನ್ನು ಎತ್ತಿಕೊಂಡು ಯಾವ ಮೇಜಿಗೆ ಬೇಕಾದರೂ ಹೋಗಿ ಕೂರಬಹುದು. ಆದರೆ ದಿನಕ್ಕೆ ಒಂದೇ ಮೇಜು, ಇದು ಕಟ್ಟುನಿಟ್ಟು. ಆಟ ಮುಗಿದ ಮೇಲೆ ಯಾರು ಬಂದಿದ್ದರು, ಏನಾಯಿತು ಎಂದು ಸಂಘಟಕ ಕಿಶೋರನಿಗೆ ಫೋನಿನಲ್ಲಿ ಬರೆದು ಕಳಿಸುತ್ತೇವೆ. ಬೇರೆ ಮೇಜುಗಳಲ್ಲಿ ಮೊದಲೇ ಹೆಣೆದಿಟ್ಟ ಕಥೆ ನಡೆಯುತ್ತದೆ. ನನ್ನದು ಬಯಲಿಗೆ ಬಿಟ್ಟ ಆಟ. ಕಥೆ ಇಲ್ಲ, ನೆಲ ಮಾತ್ರ ಇದೆ. ಹಸಿರು ರೆಕ್ಸಿನ್ ಚೂರು ಕಾಡು, ಕಂದು ಚೂರು ಗುಡ್ಡ, ನೀಲಿ ಪಟ್ಟಿ ಹೊಳೆ. ಅದರಾಚೆ ಬರೀ ಮರದ ಮೇಜು. ಆಟಗಾರರು ಆ ಕಡೆ ಹೊರಟರೆ ನಾನು ನಿಂತ ಕಾಲಲ್ಲೇ ಒಂದು ಚೂರು ಕತ್ತರಿಸಿಟ್ಟು ಅಲ್ಲೇನಿದೆ ಎಂದು ಹೇಳಬೇಕು. ಏನೂ ಇಲ್ಲ ಎನ್ನುವಂತಿಲ್ಲ. ಹೇಳಿದ್ದನ್ನು ವಾಪಸ್ ತೆಗೆದುಕೊಳ್ಳುವಂತಿಲ್ಲ. ಇದು ಎಲ್ಲರಿಗೂ ಆಗುವ ಕೆಲಸವಲ್ಲ, ನನಗೆ ಆಗುತ್ತದೆ. ಜಂಬ ಎಂದುಕೊಳ್ಳಿ ಬೇಕಾದರೆ.

ಈ ಆಟ ನನಗೆ ಕಲಿಸಿದವನು ಗೆಳೆಯ ಪ್ರಕಾಶ. ಬೋರ್ಡು ಬರೆಯುವವನು. ವಿಜಯನಗರದ ಕಡೆ ಹಳೆಯ ಗೋಡೆಗಳ ಮೇಲೆ ‘ಅಂಗಡಿ ಒಳಗಡೆ ಇದೆ’ ಎಂದು ತೋರಿಸುವ ಬಾಣದ ಬಾಲ ಸುರುಳಿಯಾಗಿದ್ದರೆ ಅದು ಅವನ ಕೈ. ಆಟದಲ್ಲಿ ಅವನು ದಾರಿಗಾರ ಬೊಮ್ಮ, ತಂಡಕ್ಕಿಂತ ಮುಂದೆ ಹೋಗಿ ದಾರಿ ನೋಡಿಡುವವನು. ಮೇಜಿನ ಮೇಲೆ ಬೊಮ್ಮನೆಂದರೆ ಕೋಟಿನ ಒಂದು ದಪ್ಪ ಗುಂಡಿ. ಪ್ರಕಾಶ ಬಾಯಿ ತೆರೆದರೆ ನಿಲ್ಲಿಸುವವನಲ್ಲ. ಅಂಥವನಿಗೆ ಲಕ್ವ ಹೊಡೆದು ಬಲಗೈ ಹೋಯಿತು, ಮಾತೂ ಹೋಯಿತು. ಆದರೂ ಅವನ ಹೆಂಡತಿ ಸುಧಾ ಪ್ರತಿ ಭಾನುವಾರ ಹೊಸಹಳ್ಳಿಯಿಂದ ಆಟೋದಲ್ಲಿ ಕರೆತಂದು ಕೂರಿಸುತ್ತಿದ್ದಳು. ಎಡಗೈಯಲ್ಲಿ ದಾಳ ಉರುಳಿಸುತ್ತಿದ್ದ, ಅಷ್ಟೇ. ನಮ್ಮ ಮಾತು ಅವನ ತಲೆಗೆ ಹೋಗುತ್ತದೆಯೇ ಎಂಬುದನ್ನು ಡಾಕ್ಟರೂ ಗಟ್ಟಿಯಾಗಿ ಹೇಳಲಿಲ್ಲ.

ಎರಡು ವರ್ಷದ ಹಿಂದಿನ ಆ ಭಾನುವಾರ ಸುಧಾ ಅವನನ್ನು ಕೂರಿಸಿ ನನ್ನ ಹತ್ತಿರ ಬಂದಳು. “ಅಣ್ಣ, ಇದೇ ಕೊನೆ. ತಿಪಟೂರಿಗೆ ನಮ್ಮಣ್ಣನ ಮನೆಗೆ ಹೋಗ್ತಾ ಇದೀವಿ. ಇವ್ರಿಗೆ ಒಂಚೂರಾದ್ರೂ ಗೊತ್ತಾಗತ್ತೆ ಅಂತ ಯಾರಾದ್ರೂ ಹೇಳಿದ್ದಿದ್ರೆ ನಾನು ಇಲ್ಲಿಂದ ಕದಲ್ತಾ ಇರ್ಲಿಲ್ಲ. ಏನೂ ಗೊತ್ತಾಗದೋರಿಗೆ ಎಲ್ಲಾದ್ರೇನು?”

ಆಟ ಶುರುಮಾಡಿದೆ. ಮನಸ್ಸು ಒಂದು ಕಡೆ ನಿಲ್ಲುತ್ತಿರಲಿಲ್ಲ, ಕತ್ತರಿ ಎತ್ತುವುದು, ಇಡುವುದು. ತಂಡ ಹೊಳೆಯ ದಡದಲ್ಲಿತ್ತು. ಮೆಡಿಕಲ್ ಸ್ಟೋರಿನಲ್ಲಿ ಕೆಲಸ ಮಾಡುವ ನವೀನ ಪ್ರಕಾಶನ ಕೈಗೆ ದಾಳ ಕೊಟ್ಟು, “ಪ್ರಕಾಶಣ್ಣ, ಹಾಕು. ನೀನು ದಾರಿ ಹೇಳ್ಲಿಲ್ಲ ಅಂದ್ರೆ ನಾವು ಮುಳುಗಿ ಸಾಯ್ತೀವಿ ಅಷ್ಟೆ” ಎಂದ. ದಾಳ ಬೆರಳ ಸಂದಿಯಿಂದ ಜಾರಿ ಕೆಳಗೆ ಬಿತ್ತು. ಪ್ರಕಾಶ ಅತ್ತ ನೋಡಲೂ ಇಲ್ಲ. ಕಣ್ಣು ತೆರೆದೇ ಇತ್ತು, ಅವನು ಅಲ್ಲಿರಲಿಲ್ಲ. ಹಾಗೆನ್ನದೆ ಬೇರೆ ಹೇಗೆ ಹೇಳಬೇಕೋ ತಿಳಿಯದು.

ಬೊಮ್ಮನ ಗುಂಡಿಯನ್ನು ದಡದಲ್ಲೇ ಬಿಟ್ಟು ಉಳಿದವರು ಹೊಳೆ ದಾಟಿ ಗುಡ್ಡ ಹತ್ತಿದರು. ಆಚೆ ಬರೀ ಮೇಜು. “ಅಣ್ಣ, ಆ ಕಡೆ ಏನಿದೆ?” ಎಂದು ನವೀನ ಕೇಳಿದ. ನಾನು ಒಂದು ಚೂರು ಕತ್ತರಿಸಿಟ್ಟು, ಕಲ್ಲಿನ ಮಂಟಪವಿದೆ ಎಂದೆ. ಯಾರೋ ಆಗಷ್ಟೇ ಒಲೆ ಹಚ್ಚಿದ್ದಾರೆ, ಮಡಕೆಯಲ್ಲಿ ಹುರುಳಿ ಬೇಯುತ್ತಿದೆ, ಕಂಬದ ಮೇಲೆ ಸುಣ್ಣದಲ್ಲಿ ಬರೆದ ಬಾಣವಿದೆ, ಬಾಲ ಸುರುಳಿ ಎಂದೆ. ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಬಂತು.

ನವೀನ ನಕ್ಕ. “ಇದು ಪ್ರಕಾಶಣ್ಣನ ಬಾಣ ಅಲ್ವಾ! ಗುಂಡಿ ಇಲ್ಲೇ ಬಿದ್ದಿದೆ, ಮನುಷ್ಯ ಅಲ್ಲಿಗೆ ಹೆಂಗೆ ಹೋದ ಗುರು?”

ಗೆಳೆಯ ಎದುರಿಗೆ ಕೂತಿದ್ದ, ಅದಕ್ಕೇ ಅವನ ಬಾಣ ನೆನಪಿಗೆ ಬಂತು ಎಂದು ನಾನೂ ಅಂದುಕೊಂಡೆ. ಅಷ್ಟಕ್ಕೆ ಮುಗಿದಿದ್ದರೆ ಇದನ್ನು ಬರೆಯುವ ಅಗತ್ಯವಿರಲಿಲ್ಲ. ಎಂದಿನಂತೆ ಎಲ್ಲವನ್ನೂ ಕಿಶೋರನಿಗೆ ಬರೆದು ಕಳಿಸಿದೆ.

ಮಾರನೆಯ ಬೆಳಿಗ್ಗೆ ಕಿಶೋರನ ಫೋನ್. “ಅಣ್ಣ, ತಪ್ಪು ತಿಳ್ಕೋಬೇಡಿ. ನಿನ್ನೆ ಬೊಮ್ಮ ಕೆಂಗೇರಿ ಮೇಜಲ್ಲೂ ಆಡಿದಾನೆ. ಅಲ್ಲೂ ಒಲೆ, ಅಲ್ಲೂ ಹುರುಳಿ. ನೀವೂ ಸತೀಶನೂ ಮಾತಾಡ್ಕೊಂಡು ಬರೆದ್ರಾ?” ಇಲ್ಲವಲ್ಲ ಎಂದೆ. ಅವನು ಇನ್ನಷ್ಟು ಮೆತ್ತಗೆ, “ಪ್ರಕಾಶಣ್ಣಂಗೆ ಹುಷಾರಿಲ್ಲ, ಪಾಪ. ಬರದೇ ಇದ್ರೂ ಹೆಸರು ಹಾಕ್ತಾ ಇದೀರಾ ಅಂತ...” ಎಂದ.

ಮೈ ಉರಿಯಿತು. ನನ್ನ ಹೊಲಿಗೆ ಬಿಟ್ಟಿತು ಎಂದವರಿಲ್ಲ, ನನ್ನ ಮಾತು ಸುಳ್ಳು ಎಂದವರೂ ಇಲ್ಲ. ಕೆಂಗೇರಿ ಮೇಜು ನಡೆಸುವ ಸತೀಶನ ಹೆಸರು ಕೇಳಿದ್ದೆನೇ ಹೊರತು ಮುಖ ನೋಡಿರಲಿಲ್ಲ. ಕೈಲಿದ್ದ ಸೀಟನ್ನು ಅರ್ಧಕ್ಕೇ ಬಿಟ್ಟು, ಶಟರ್ ಎಳೆದು, ಸ್ಕೂಟರ್ ಹತ್ತಿದೆ. ಮೈಸೂರು ರಸ್ತೆಯ ಉದ್ದಕ್ಕೂ ಮನಸ್ಸಿನಲ್ಲೇ ಜಗಳವಾಡಿಕೊಂಡು ಹೋದೆ.

ಸತೀಶನದು ಮೊಬೈಲ್ ರಿಪೇರಿ ಅಂಗಡಿ. ಮೇಲಿನ ರೂಮಿನಲ್ಲಿ ಆಟ ನಡೆಸುತ್ತಾನೆ. ನಾನು ಯಾರೆಂದು ಹೇಳಿದ್ದೇ ತಡ, ಅವನೇ ರೇಗಿದ. “ಅಣ್ಣ, ನಿಮ್ಮ ಹುಡುಗ್ರನ್ನ ನೀವೇ ಇಟ್ಕೊಳಿ! ರೆಡಿ ಕಥೆ ಅಣ್ಣ ನಂದು, ಗುಡ್ಡದ ಮೇಲೆ ಏನೂ ಇಲ್ಲ ಅಂದೆ. ಏನೂ ಇಲ್ದಿದ್ರೆ ನಾನೇ ಕಟ್ಕೋತೀನಿ ಬಿಡಿ ಅಂದ್ರು ಬೊಮ್ಮ ಅಂತ ಬಂದಿದ್ದ ಆ ಯಪ್ಪ. ನಮ್ಮೋರು ಹೊಳೆ ದಾಟ್ಕೊಂಡು ಹಿಂದೆ ಬರ್ತಾ ಇದಾರೆ, ಹಸ್ಕೊಂಡಿರ್ತಾರೆ, ಮುಂದೆ ಹೋಗಿ ಒಲೆ ಹಚ್ತೀನಿ ಅಂತ. ಮಾತು, ಮಾತು, ಮಾತು! ಒಲೆ ಹಚ್ಚಿದ್ದಾಯ್ತು, ಬರ್ತೀನಿ ಅಂತ ಎದ್ದು ಹೋದ್ರು.”

ಎಷ್ಟೊತ್ತಿನಲ್ಲಿ ಎಂದು ಕೇಳಿದೆ. ಅವನು ಹೇಳಿದ್ದು ನಮ್ಮ ತಂಡ ಹೊಳೆ ದಾಟುತ್ತಿದ್ದ ಹೊತ್ತೇ. ಫೋನಿನಲ್ಲಿ ಪ್ರಕಾಶನ ಹಳೆಯ ಫೋಟೋ ತೋರಿಸಿದೆ, ಕಾಯಿಲೆಗೆ ಮುಂಚಿನದು. “ಇವ್ರೇ. ಸ್ವಲ್ಪ ಸೊರಗಿದ್ರು, ಆದ್ರೆ ಇವ್ರೇ” ಎಂದ. ಮೇಲೆ ಕರೆದುಕೊಂಡು ಹೋಗಿ, ನಕ್ಷೆ ಬರೆಯುವ ಕರಿಹಲಗೆ ತೋರಿಸಿದ. ಮೂಲೆಯಲ್ಲಿ ಸೀಮೆಸುಣ್ಣದ ಒಂದು ಬಾಣ. ಬಾಲ ಸುರುಳಿ.

“ಯಾವ ಕೈಲಿ ಬರೆದ್ರು?”

ಸತೀಶ ಗಾಳಿಯಲ್ಲಿ ಬರೆದು ನೋಡಿಕೊಂಡ. “ಬಲಗೈಲಿ. ಯಾಕಣ್ಣ?”

ಜಗಳವಾಡಲು ಹೋದವನು ಅವನು ಕೊಟ್ಟ ನೀರು ಕುಡಿದು ಇಳಿದು ಬಂದೆ.

ನೀವು ಕೇಳುವುದನ್ನೆಲ್ಲ ನಾನು ಆಗಲೇ ಕೇಳಿಕೊಂಡಿದ್ದೇನೆ. ಆ ಬಾಣ ಬೀದಿಬೀದಿಯಲ್ಲಿದೆ, ಯಾರು ಬೇಕಾದರೂ ಕಲಿಯಬಹುದು. ಬೊಮ್ಮನ ಹೆಸರು ಆಟದವರಿಗೆಲ್ಲ ಗೊತ್ತು. ಪ್ರಕಾಶನನ್ನು ಹೋಲುವ ಯಾರೋ ತಮಾಷೆ ಮಾಡಿರಬಹುದು. ಆದರೆ ಪ್ರಕಾಶನಿಗೆ ಅಣ್ಣತಮ್ಮಂದಿರಿಲ್ಲ. ಹುರುಳಿಯ ಮಾತು ನನ್ನ ಬಾಯಿಂದ ಬರುವವರೆಗೆ ನನಗೇ ಗೊತ್ತಿರಲಿಲ್ಲ. ಆ ಮನುಷ್ಯ ಮತ್ತೆ ಯಾವ ಮೇಜಿಗೂ ಬರಲಿಲ್ಲ.

ಸುಧಾಗೆ ಹೇಳಬೇಕೋ ಬೇಡವೋ ಎಂದು ಎರಡು ದಿನ ಒದ್ದಾಡಿದೆ. ಸೂಜಿ ಕೈಗೆ ಚುಚ್ಚಿಕೊಂಡೆ, ಅಳತೆ ತಪ್ಪಿದೆ. ಕೊನೆಗೆ ಹೊಸಹಳ್ಳಿಗೆ ಹೋದೆ. ಅವರ ಬಾಡಿಗೆ ಮನೆಯಲ್ಲಿ ಪಾತ್ರೆಗಳೆಲ್ಲ ರಟ್ಟಿನ ಡಬ್ಬ ಸೇರಿದ್ದವು. ಪ್ರಕಾಶ ಕಿಟಕಿಯ ಹತ್ತಿರ ಕೂತಿದ್ದ. ನಡೆದದ್ದನ್ನು ಒಂದಕ್ಷರ ಕೂಡಿಸದೆ, ಕಳೆಯದೆ ಹೇಳಿದೆ. ಹುಚ್ಚು ಎನ್ನುತ್ತಾಳೆ, ಇಲ್ಲವೇ ಹೆದರುತ್ತಾಳೆ ಎಂದುಕೊಂಡಿದ್ದೆ. ಅವಳು ಅದು ಹೇಗೆ ಸಾಧ್ಯ ಎಂದೂ ಕೇಳಲಿಲ್ಲ.

“ಮಾತಾಡಿದ್ರಾ?” ಎಂದಳು.

“ನಿಲ್ಲಿಸ್ಲೇ ಇಲ್ವಂತಮ್ಮ.”

“ತೊದಲ್ಲಿಲ್ವಂತಾ?”

“ಇಲ್ವಂತೆ.”

ಕಿಟಕಿಯ ಕಡೆ ತಿರುಗಿ ಅವನನ್ನು ನೋಡಿದಳು. “ನೋಡಿ ಅಣ್ಣ, ಎಲ್ಲರಿಗೂ ಅಡುಗೆ ಮಾಡಿಟ್ಟಿದಾರೆ. ಮನೇಲಿ ಒಂದಿನ ಒಲೆ ಮುಂದೆ ನಿಂತೋರಲ್ಲ” ಎಂದು ನಕ್ಕಳೋ ಅತ್ತಳೋ ತಿಳಿಯಲಿಲ್ಲ. ಆಮೇಲೆ ಎದ್ದು, ಡಬ್ಬದೊಳಗಿಂದ ಕುಕ್ಕರನ್ನು ಹೊರಗೆ ತೆಗೆದಳು. ನಾನು ಪ್ರಕಾಶನ ಮುಂದೆ ಕುಕ್ಕುರುಗಾಲಲ್ಲಿ ಕೂತು, “ಏನೋ, ಒಲೆ ಹಚ್ಚಿದ್ದು ನೀನೇನೋ?” ಎಂದೆ. ಅವನು ನನ್ನನ್ನು ನೋಡಿದ. ಗೋಡೆಯನ್ನೂ ಅವನು ಹಾಗೇ ನೋಡುತ್ತಾನೆ.

ಅವರು ತಿಪಟೂರಿಗೆ ಹೋಗಲಿಲ್ಲ. ಸುಧಾ ಇಲ್ಲೇ ಒಂದು ಗಾರ್ಮೆಂಟ್ಸಿಗೆ ಸೇರಿದಳು. ಅವಳ ಕಷ್ಟ ಕಣ್ಣಾರೆ ಕಾಣುತ್ತೇನೆ. ಅದು ಯಾರದೋ ಕುಚೇಷ್ಟೆಯಾಗಿದ್ದರೆ ಅವಳನ್ನು ಸುಳ್ಳಿಗೆ ಕಟ್ಟಿಹಾಕಿದವನು ನಾನು. ಅಲ್ಲವಾದರೆ ನನ್ನ ಗೆಳೆಯ ಎಲ್ಲಿದ್ದಾನೆ? ಈ ಎರಡರ ನಡುವೆ ನನಗೆ ನಿದ್ದೆ ಸರಿಯಾಗಿ ಬರುವುದಿಲ್ಲ.

ಆಟ ಮಾತ್ರ ನಡೆದೇ ಇದೆ. ಬೊಮ್ಮನ ಗುಂಡಿ ಹೊಳೆಯ ದಡದಲ್ಲಿದೆ, ಯಾರೂ ಮುಟ್ಟುವುದಿಲ್ಲ. ಪ್ರಕಾಶ ತನ್ನ ಜಾಗದಲ್ಲಿ ಕೂರುತ್ತಾನೆ. ಪ್ರತಿ ಭಾನುವಾರ ದಾಳ ಎತ್ತುವ ಮುಂಚೆ ನವೀನ ಕೇಳುತ್ತಾನೆ: “ಅಣ್ಣ, ಒಲೆ ಉರೀತಾ ಇದ್ಯಾ?”

“ಉರೀತಾ ಇದೆ” ಎನ್ನುತ್ತೇನೆ. ಹೇಳುವ ತನಕ ನನಗೂ ಗೊತ್ತಿರುವುದಿಲ್ಲ. ಸೌದೆ ಹಾಕುತ್ತಿರುವವರು ಯಾರು ಎಂದು ಅವನು ಇನ್ನೂ ಕೇಳಿಲ್ಲ.