ಗರಿಕೆಯ ಪಕ್ಕದಲ್ಲಿದ್ದ ಹುಳ

"ಹುಳ! ಹುಳ ಐತಿ ಅಲ್ಲೆ!"

ಅಕ್ಕ ಚೀರಿದಳು. ಏಳು ವರ್ಷದ ಅವಳ ಮಗಳು ಮಿನಿ ಹಿಂದೆ ಸರಿಯಲಿಲ್ಲ. ಇನ್ನಷ್ಟು ಬಗ್ಗಿದಳು.

"ವೇರ್? ಕ್ಯಾನ್ ಐ ಸೀ?"

ವಾರವಾಯಿತು. ಸಿಡ್ನಿಗೆ ಮರಳಿ ಆಫೀಸಿನಲ್ಲಿ ಕುಳಿತರೂ ಆ ಬಗ್ಗಿದ ಪುಟ್ಟ ಬೆನ್ನೇ ಕಣ್ಣ ಮುಂದೆ.

ಗಣೇಶನ ಹಬ್ಬಕ್ಕೆ ಮೆಲ್ಬರ್ನ್‌ನ ಅಕ್ಕನ ಮನೆಗೆ ಹೋಗಿದ್ದೆ. ಸಿಡ್ನಿಯ ಪೆಂಡಲ್ ಹಿಲ್ ಅಂಗಡಿಯಿಂದ ಕಡುಬಿನ ಹಿಟ್ಟು, ಕರ್ಪೂರ ಎಲ್ಲ ಒಯ್ದಿದ್ದೆ. ಗರಿಕೆ ಮಾತ್ರ ಇರಲಿಲ್ಲ. ಅಕ್ಕನ ಸಬರ್ಬ್‌ನ ಅಂಚಿಗೆ ಒಂದು ತುಂಡು ಹಳೆಯ ಹುಲ್ಲುಗಾವಲು ಉಳಿದಿದೆ. ಹಿಂದೆ ಆ ಬಯಲೆಲ್ಲ ಈ ನೆಲದ್ದೇ ಆದ ಕಾಂಗರೂ ಹುಲ್ಲೇ ಇತ್ತಂತೆ. ಈಗ ಮನೆಗಳು (ಅಕ್ಕನದೂ ಸೇರಿ). ಮೂವರೂ ಅಲ್ಲಿಗೆ ಹೊರಟೆವು.

ಕಾಲುದಾರಿಯ ಪಕ್ಕ ಗರಿಕೆ ಆಗಷ್ಟೇ ಚಿಗುರಿತ್ತು. ಅಲ್ಲಿ ಕಳೆ ಕೀಳುತ್ತಿದ್ದ ನೆರೆಮನೆಯ ಅಜ್ಜಿ ನಕ್ಕರು. "ಟೇಕ್ ದ ಲಾಟ್, ಲವ್! ಇಟ್ಸ್ ಎ ವೀಡ್."

"ದೇವರಿಗೆ ಏರಸೋ ಕರಿಕಿಗೆ ಕಳೆ ಅಂತಾಳಲ್ಲೋ ಈಕಿ!" ಅಕ್ಕ ಗೊಣಗಿದಳು.

ಆದರೆ ಸುಳ್ಳೇ? ಕಾಂಗರೂ ಹುಲ್ಲು ಗುಂಪುಗುಂಪಾಗಿ ಬೆಳೆದು, ನಡುವೆ ಜಾಗ ಬಿಡುತ್ತದೆ. ಅಲ್ಲಿ ಬೆರಳುದ್ದದ ಲಿಲ್ಲಿಗಳು ಅರಳುತ್ತವೆ. ನಮ್ಮ ಗರಿಕೆ ಬಳ್ಳಿಯಂತೆ ಹರಿದು ಆ ಜಾಗವನ್ನೆಲ್ಲ ಮುಚ್ಚಿಬಿಡುತ್ತದೆ.

ಆ ಕಾಂಗರೂ ಹುಲ್ಲಿನ ನಡುವೆಯೇ ಅದು ಬಿಸಿಲು ಕಾಯುತ್ತಿತ್ತು. ಬ್ರೌನ್ ಸ್ನೇಕ್, ಕಡುವಿಷದ್ದು. ಒಣಹುಲ್ಲಿನದೇ ಬಣ್ಣ. ಮಿನಿಯ ಕೈಗೆ ಒಂದು ಗೇಣು ದೂರ.

ನಮ್ಮ ಧಾರವಾಡದ ಮನೆಯಲ್ಲಿ ಹಾವನ್ನು ಹಾವು ಎನ್ನುವುದಿಲ್ಲ. ಹೆಸರು ಹೇಳಿದರೆ ಬಂದೀತೆಂಬ ಅಂಜಿಕೆ. ಹಾಗಾಗಿ ಹುಳ. ಅಷ್ಟಕ್ಕೇ ನಾವೆಲ್ಲ ಜಿಗಿಯುತ್ತೇವೆ. ಮಿನಿಗೋ, ಹುಳ ಎಂದರೆ ಹೂವಿನ ಮೇಲೆ ಕೂರುವ ಪುಟಾಣಿ. ಅವಳು ನೋಡಲು ಬಗ್ಗದೆ ಇನ್ನೇನು ಮಾಡಬೇಕು?

"ಮಿನಿ, ಸ್ನೇಕ್! ಡೋಂಟ್ ಮೂವ್!" ನಾನು ಕೂಗಿದೆ.

ಅವಳು ಕಲ್ಲಾದಳು. ಹಾವು ತಲೆ ಎತ್ತಿತು. ನೋಡಿತು. ಆಮೇಲೆ, ಅವಸರವೇ ಇಲ್ಲದಂತೆ, ಹುಲ್ಲಿನ ಬುಡದ ಬಿರುಕಿಗೆ ಇಳಿದುಹೋಯಿತು. ಅದರ ಮನೆ ತಾನೇ?

ಅಕ್ಕ ಮಗಳನ್ನು ಅವುಚಿಕೊಂಡು ದಾರಿಯಲ್ಲೇ ಕುಸಿದಳು. ಮಿನಿಯ ಮುಷ್ಟಿಯಲ್ಲಿ ಗರಿಕೆ ಹಾಗೇ ಇತ್ತು.

ಅದನ್ನೇ ಗಣಪನಿಗೆ ಏರಿಸಿದೆವು. ಮಂಗಳಾರತಿ ಮುಗಿದ ಮೇಲೆ ಮಿನಿ ತಾಯಿಯ ಸೆರಗು ಜಗ್ಗಿದಳು. "ಅಮ್ಮಾ, ಇಫ್ ಹುಳ ಈಸ್ ಸ್ನೇಕ್, ವೈ ಡು ಯು ಕಾಲ್ ಮಿ ಪುಸ್ತಕದ ಹುಳ?"

ಅಕ್ಕ ನಕ್ಕಳು. ನಗುತ್ತಲೇ ಬಿಕ್ಕಿದಳು.

ಮಕ್ಕಳಿಗೆ ಕನ್ನಡ ಕಲಿಸಿದ್ದೇವೆ, ಸರಿ. ನಮ್ಮ ಅಂಜಿಕೆಗಳ ಅಡ್ಡಹೆಸರುಗಳನ್ನು ಕಲಿಸಿದ್ದೇವೆಯೇ?