ಗುರುಮಲ್ಲಪ್ಪನವರು ಮೂರು ಸಲ ಹಾಸಿದ ನೆಲ

ಗುರುಮಲ್ಲಪ್ಪನವರು ಯಾರ ಮನೆಗೆ ಮೊದಲ ಸಲ ಹೋದರೂ ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿಕೊಂಡು ಒಳಗೆ ನಡೆಯುತ್ತಿದ್ದರು. ನಮ್ಮ ಮನೆಗೂ ಹಾಗೆಯೇ ಬಂದರು. ಅರವತ್ತು ದಾಟಿದ ದಪ್ಪ ಮನುಷ್ಯ, ಹಣೆಯಲ್ಲಿ ವಿಭೂತಿ, ಕೈಯಲ್ಲಿ ತಟ್ಟೆಯಷ್ಟು ಅಗಲದ ದಿಕ್ಸೂಚಿ. ಬರಿಗಾಲಲ್ಲಿ ನೆಲ ತಡವುತ್ತಾ ಹಾಲ್ ದಾಟಿ, ಊಟದ ಮೇಜಿಗೆ ತೊಡೆ ಬಡಿಸಿಕೊಂಡು ನಿಂತರು.

‘ಇಲ್ಲೇ ಕಣ್ರಮ್ಮಾ, ಮನೆಗೆ ತಡೆ ಇರೋದು.’

‘ಅದು ಮೇಜು,’ ಎಂದೆ.

‘ಅದೇ ನಾನೂ ಏಳ್ತಿರೋದು!’

ನಾನು ಹುಣಸೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು. ಇಂಥ ಮನುಷ್ಯನನ್ನು ಸಹಿಸಿಕೊಳ್ಳುವ ತರಬೇತಿ ನನಗಿರಲಿಲ್ಲ. ಆದರೆ ನಮ್ಮ ಅತ್ತೆ ಪುಟ್ಟಮ್ಮನವರಿಗೆ ಎಂಬತ್ತು ತುಂಬಿತ್ತು, ಎಡಗಾಲು ಎಳೆದು ಹಾಕುತ್ತಿದ್ದರು, ಟೈಲ್ಸ್ ಮೇಲೆ ಕಾಲಿಟ್ಟರೆ ಮೂಳೆಯವರೆಗೂ ತಣ್ಣಗಾಗುತ್ತದೆಂದು ಗೋಳಾಡುತ್ತಿದ್ದರು. ಅವರ ಕೋಣೆಗಾದರೂ ಮರದ ನೆಲ ಹಾಸಿಸೋಣವೆಂದು ನನ್ನ ಗಂಡ ಹಾರನಹಳ್ಳಿಯಿಂದ ಇವರನ್ನು ಕರೆಸಿದ್ದರು. ಕೊಡಗಿನ ಹೋಮ್‌ಸ್ಟೇಗಳಲ್ಲಿ ನೆಲ ಹಾಸಿ ಪಳಗಿದ ಕೈ. ಅಲ್ಲಿ ಯಾರೋ ಮಾಲೀಕರು ಚೀನೀಯರ ವಾಸ್ತು ಫೆಂಗ್ ಶುಯಿಯ ಒಂದು ಪುಸ್ತಕ ಕೊಟ್ಟು ಈ ಮನುಷ್ಯನನ್ನು ಕೆಡಿಸಿದ್ದರು. ಅವರ ಬಾಯಲ್ಲಿ ಅದು ‘ಪೆಂಗ್ ಸೂಯಿ’.

ಮೊದಲ ದಿನವೇ ಅತ್ತೆಯ ಮಂಚದ ಕೆಳಗಿದ್ದ ಟ್ರಂಕು, ಹಳೇ ಕಂಬಳಿ, ಖಾಲಿ ಹಾರ್ಲಿಕ್ಸ್ ಬಾಟಲಿಗಳನ್ನೆಲ್ಲ ಹೊರಗೆ ಹಾಕಿಸಿದರು. ಮಂಚದೆದುರಿನ ಕನ್ನಡಿಯನ್ನು ಇಳಿಸಿ ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಆಮೇಲೆ ಅತ್ತೆಯ ಪಕ್ಕ ಕುಳಿತು ಪಾಠ ಶುರುಮಾಡಿದರು.

‘ಅವ್ವಾ, ಬಾಗ್ಲಿಂದ ಚೀ ಬತ್ತದೆ. ಮನೆ ತುಂಬ ಚೀ ಓಡಾಡ್ತಾ ಇರ್ಬೇಕು.’

‘ಯಾರ್ಗಪ್ಪಾ ಛೀ ಅಂತಿದ್ದೀಯೆ? ನಾನೇನು ಮಾಡ್ದೆ?’ ಅತ್ತೆಗೆ ಕಣ್ಣಲ್ಲಿ ನೀರೇ ಬಂತು.

ಅದು ಬೈಗುಳವಲ್ಲ, ಚೀನಾದವರು ಪ್ರಾಣಶಕ್ತಿಗೆ ಇಟ್ಟ ಹೆಸರು ಎಂದು ತಿಳಿಸಿ ಹೇಳಲು ನನಗೆ ಅರ್ಧ ಗಂಟೆ ಬೇಕಾಯಿತು. ನಂಬದ ವಿದ್ಯೆಯನ್ನು ನಾನೇ ಪಾಠ ಮಾಡುವಂತಾಯಿತು.

ಹಲಗೆಗಳು ಬಂದವು. ಅವನ್ನು ಕೋಣೆಯಲ್ಲಿ ಮಲಗಿಸಿ, ಫ್ಯಾನು ಹಾಕಿ, ಗುರುಮಲ್ಲಪ್ಪನವರು ಹತ್ತು ದಿನ ನಾಪತ್ತೆಯಾದರು. ಫೋನು ಮಾಡಿದರೆ, ‘ಮರ ನಿಮ್ಮನೆ ಗಾಳಿಗೆ ಒಗ್ಗಬೇಕು ಮೇಡಮ್ಮೋರೇ. ಅವಸರ ಮಾಡುದ್ರೆ ಮಳೆಗಾಲದಲ್ಲಿ ಉಬ್ಕತದೆ,’ ಎಂದರು. ಇದೂ ಆ ಪುಸ್ತಕದ್ದೇ ಎಂದುಕೊಂಡು ಫೋನಿಟ್ಟೆ. ಅಲ್ಲಿಯವರೆಗೆ ಅತ್ತೆ ಹಾಲ್‌ನಲ್ಲಿ, ಟಿವಿಯ ಕೆಳಗೆ ಮಲಗಿದರು.

ಹತ್ತು ದಿನದ ಮೇಲೆ ಬಂದು, ಬಾಗಿಲಿನಿಂದ ಮಂಚವಿದ್ದ ಕಡೆಗೆ ಉದ್ದಕ್ಕೆ ಹಲಗೆ ಹಾಸತೊಡಗಿದರು. ಕೆಲಸವೇನೋ ಚೆಂದ. ಹಲಗೆ ಹಲಗೆಯ ಸಂದಿಗೆ ಉಗುರು ಹೋಗದು. ನೆಲ ಪೂರ್ತಿಯಾಗುವ ದಿನ ನಾನು ಶಾಲೆಯಿಂದ ಬಂದು ನೋಡಿದರೆ ಹಾಸಿದ ಹಲಗೆಗಳೆಲ್ಲ ಎದ್ದು ಗೋಡೆಗೆ ಒರಗಿದ್ದವು.

‘ಏನ್ರೀ ಇದು?’

‘ರಾತ್ರಿ ಪುಸ್ತಕ ನೋಡ್ದೆ. ಇಂಗೆ ಉದ್ದುದ್ದಕ್ಕೆ ಆಸುದ್ರೆ ಚೀ ಬಾಣದಂಗೆ ನುಗ್ಗಿ ಅವ್ವಾರ ಎದೆಗೇ ಬಡೀತದೆ. ಅಡ್ಡಡ್ಡ ಆಸ್ಬೇಕು.’

ಎರಡು ದಿನದಲ್ಲಿ ಅಡ್ಡಡ್ಡ ಹಾಸುವ ಕೆಲಸ ಅರ್ಧಕ್ಕೆ ಬಂತು. ಈಗ ಹಲಗೆಯ ಬಣ್ಣ ಆ ಕೋಣೆಯ ದಿಕ್ಕಿಗೆ ಹೊಂದುವುದೋ ಇಲ್ಲವೋ ನೋಡಬೇಕೆಂದು ಅವರು ಮತ್ತೆ ದಿಕ್ಸೂಚಿ ತೆಗೆದರು. ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ‘ನಿಮ್ಮ ಚೀ ಕಟ್ಕೊಂಡು ಮೊದ್ಲು ಆಚೆ ನಡೀರಿ,’ ಎಂದೆ. ಅವರು ಉಳಿ, ಸುತ್ತಿಗೆಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ಹಾಕಿಕೊಂಡು ಹೊರಟುಹೋದರು.

ಅತ್ತೆ ತಮ್ಮ ಕೋಣೆಗೇ ಹೋಗುವೆನೆಂದು ಹಟ ಹಿಡಿದರು. ಮಂಚ ಒಳಗಿಟ್ಟೆವು. ಹಲಗೆ ಮುಗಿದು ಟೈಲ್ಸ್ ಶುರುವಾಗುವಲ್ಲಿ ಬೆರಳು ದಪ್ಪದ ಅಂಚು ಎದ್ದು ನಿಂತಿತ್ತು. ನೋಡಲು ಅಸಹ್ಯವೆಂದು ಅದರ ಮೇಲೊಂದು ಚಾಪೆ ಹಾಸಿದವಳು ನಾನೇ. ಮೂರನೇ ದಿನ ಬೆಳಿಗ್ಗೆ ಬಚ್ಚಲಿಗೆ ಹೊರಟ ಅತ್ತೆ ಆ ಚಾಪೆಯ ಮೇಲೆಯೇ ಎಡವಿಬಿದ್ದರು. ಬಲಗೈ ಮಣಿಕಟ್ಟಿನ ಮೂಳೆ ಮುರಿಯಿತು.

ಸುದ್ದಿ ತಿಳಿದು ಗುರುಮಲ್ಲಪ್ಪನವರು ಮಾರನೆಯ ದಿನವೇ ಬಂದರು. ಈ ಸಲ ಕಣ್ಣು ಮುಚ್ಚಿಕೊಂಡು ನಡೆಯಲಿಲ್ಲ. ಅತ್ತೆಯ ಕೈಗೆ ಹಾಕಿದ್ದ ಬಿಳಿ ಕಟ್ಟನ್ನು ನೋಡುತ್ತಾ ನಿಂತರು.

‘ತಪ್ಪು ನಂದು ಕಣವ್ವಾ. ಅರ್ಧಕ್ಕೆ ಬುಟ್ಟು ಓಗ್ಬಾರ್ದಾಗಿತ್ತು.’

ಅವರು ಬಿಟ್ಟುಹೋಗಿರಲಿಲ್ಲ, ನಾನು ಓಡಿಸಿದ್ದೆ. ಚಾಪೆಯ ವಿಷಯವಂತೂ ಅವರಿಗೆ ಗೊತ್ತೇ ಇರಲಿಲ್ಲ. ನಾನು ತಪ್ಪನ್ನು ಅವರ ಹೆಗಲ ಮೇಲೆಯೇ ಇರಲು ಬಿಟ್ಟೆ.

ಅತ್ತೆ ಓಡಾಡುವಂತಾದ ಮೇಲೆ ಗುರುಮಲ್ಲಪ್ಪನವರು ಮತ್ತೆ ಬಂದರು. ದಿಕ್ಸೂಚಿ ಹೊರಬರಲಿಲ್ಲ. ‘ಅವ್ವಾ, ಬಾಗ್ಲುಗಂಟ ಒಂದ್ಸಲ ನಡೀರಿ,’ ಎಂದು ಸೀಮೆಸುಣ್ಣ ಹಿಡಿದು ನೆಲದ ಮೇಲೆ ಕುಳಿತರು. ಅತ್ತೆ ನನ್ನ ತೋಳು ಹಿಡಿದು ನಡೆದರು. ಅವರ ಎಡಗಾಲು ಎಲ್ಲೆಲ್ಲಿ ಹಲಗೆಯ ಸಂದಿಗೆ ತಗುಲಿ ತಡೆಯಿತೋ ಅಲ್ಲೆಲ್ಲ ಇವರು ಒಂದೊಂದು ಗೆರೆ ಎಳೆದರು. ಹಾಗೆ ಆರು ಸಲ ನಡೆಸಿದರು.

‘ಉದ್ದುದ್ದಕ್ಕೇ ಆಸ್ಬೇಕು ಮೇಡಮ್ಮೋರೇ. ಕಾಲು ಎಳ್ದಂಗೆಲ್ಲ ಹಲಗೆ ಜೊತೇಲೇ ಜಾರ್ಕಂಡು ಓಯ್ತದೆ, ಸಂದಿಗೆ ಸಿಗಾಕಲ್ಲ.’

‘ಅಂದರೆ ಮೊದಲು ಹಾಸಿದ್ದ ಹಾಗೇ?’

‘ಊಂ.’

‘ಚೀ?’

‘ಬಾಗ್ಲಿಗೊಂದು ಪರದೆ ಆಕ್ಬುಡಿ,’ ಎಂದರು. ನಗಬೇಕೋ ಕಿರುಚಬೇಕೋ ತಿಳಿಯಲಿಲ್ಲ. ಅವರು ಎರಡು ದಿನದಲ್ಲಿ ಮೂರನೇ ಸಲ ನೆಲ ಹಾಸಿದರು. ಎರಡು ಮಳೆಗಾಲ ಕಳೆದರೂ ಒಂದು ಹಲಗೆ ಉಬ್ಬಿಲ್ಲ. ಅತ್ತೆ ಆಮೇಲೆ ಒಮ್ಮೆಯೂ ಎಡವಲಿಲ್ಲ.

ಹೋದ ವರ್ಷ ಇದ್ದಕ್ಕಿದ್ದಂತೆ ಒಂದು ಮಧ್ಯಾಹ್ನ ಗುರುಮಲ್ಲಪ್ಪನವರು ಬಂದರು. ತುಂಬಾ ಇಳಿದುಹೋಗಿದ್ದರು. ಮಂಡಿ ಕೈಕೊಟ್ಟಿತ್ತು, ಕುಕ್ಕರಗಾಲಲ್ಲಿ ಕೂರಲಾಗದೆ ಕೆಲಸ ಬಿಟ್ಟಿದ್ದರು. ವಿರಾಜಪೇಟೆಯ ಮಗಳ ಮನೆಗೆ ಹೊರಟಿದ್ದವರು ಮಧ್ಯೆ ಇಳಿದು ನೆಲ ನೋಡಲು ಬಂದಿದ್ದರು. ಕಾಫಿ ಕೊಟ್ಟೆ. ಚಾಪೆಯ ವಿಷಯವನ್ನು ಇವತ್ತಾದರೂ ಹೇಳಿಬಿಡಬೇಕೆಂದು ಎದುರಿಗೆ ಕುಳಿತೆ.

ಅವರು ಲೋಟ ಕೆಳಗಿಟ್ಟು ಅಡುಗೆಮನೆಯ ಕಡೆ ಕತ್ತು ಚಾಚಿದರು. ‘ಒಲೆ ಪಕ್ಕಕ್ಕೇ ಫ್ರಿಜ್ ಇಟ್ಟೀದಿರಲ್ಲಾ! ನೀರು ಬೆಂಕಿ ಒಟ್ಟೊಟ್ಟಿಗೆ ಇಟ್ರೆ ಮನೇಲಿ ಜಗಳ ಆಗದೆ ಇನ್ನೇನಾದದು?’

ಪ್ಲಗ್ ಪಾಯಿಂಟು ಇರುವುದೇ ಅಲ್ಲಿ ಎಂದೆ. ಪಾಯಿಂಟು ಬದಲಾಯಿಸಿ ಎಂದರು. ಫ್ರಿಜ್‌ನಲ್ಲಿರುವುದು ನೀರಲ್ಲ, ಗ್ಯಾಸು ಎಂದೆ. ಹಾಗಾದರೆ ಇನ್ನೂ ಕೆಟ್ಟದ್ದು ಎಂದರು. ಬಸ್ ಸ್ಟ್ಯಾಂಡಿನವರೆಗೆ ಸ್ಕೂಟರಿನಲ್ಲಿ ಬಿಟ್ಟುಬರುವಾಗಲೂ ಅದೇ ವಾದ. ಬಸ್ಸು ಹೊರಟ ಮೇಲೆಯೇ ನನಗೆ ಚಾಪೆ ನೆನಪಾದದ್ದು.

ನಾಲ್ಕು ತಿಂಗಳ ನಂತರ ಅವರ ಮಗಳು ಫೋನು ಮಾಡಿ ಅಪ್ಪ ಹೋದರೆಂದು ತಿಳಿಸಿದಳು. ಅತ್ತೆಗೆ ಹೇಳಿದೆ. ಮಂಚದ ಮೇಲೆ ಕಾಲು ಇಳಿಬಿಟ್ಟು ಕುಳಿತಿದ್ದವರು ಪಾದದಿಂದ ಹಲಗೆಯನ್ನೊಮ್ಮೆ ಸವರಿದರು.

‘ಓದ್ಸಲ ಬಂದಾಗ ಅವ್ರತ್ರ ಸಂದಾಗಿ ಮಾತಾಡಿ ಕಳ್ಸಿದ್ಯೇನವ್ವಾ?’

‘ಹೂಂ ಅತ್ತೆ,’ ಎಂದೆ.